ಕೆಂಪು ಬಟ್ಟೆಯ ಕೋಲು

ಗಾಳಿಮರದ ಒಂದು ಕೋಲು, ನನ್ನ ಎದೆಯೆತ್ತರದ್ದು. ಬುಡದಿಂದ ಗೇಣಿಗೊಂದು ಗೀರು, ನಾಲ್ಕನೆಯ ಗೀರಿನ ಹತ್ತಿರ ಸುತ್ತಿದ ಕೆಂಪು ಬಟ್ಟೆ. ಹವಳದ ದಿಬ್ಬಕ್ಕೆ ಜನರನ್ನು ಕರೆದೊಯ್ದಾಗ ನಾನು ಮೊದಲು ಮರಳಿಗಿಳಿದು ಈ ಕೋಲನ್ನು ನೀರಂಚಿನಲ್ಲಿ ನೆಡುತ್ತೇನೆ. ಆಮೇಲೆ ದೋಣಿಯಲ್ಲಿರುವ ಒಬ್ಬೊಬ್ಬರನ್ನೂ ಕೇಳುತ್ತೇನೆ, "ನಿಮ್ಮ ಗಡಿಯಾರದಲ್ಲಿ ಈಗ ಎಷ್ಟು ಗಂಟೆ?" ಜನ ನಗುತ್ತಾರೆ. ಒಬ್ಬರು ಹೇಳಿದರೆ ಸಾಲದೇ ಎನ್ನುತ್ತಾರೆ. ಸಾಲದು. ಎಲ್ಲರೂ ಹೇಳುವ ತನಕ ನಾನು ಯಾರನ್ನೂ ಇಳಿಸುವುದಿಲ್ಲ.

ಈ ಅಭ್ಯಾಸ ಶುರುವಾದ ವರ್ಷ ನನಗೆ ಹತ್ತೊಂಬತ್ತು. ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಬಿಡಲು ಕಾರಣ ಬಡತನವಲ್ಲ. ಮಾಸ್ತರರು ಗೋಡೆಯ ಗಡಿಯಾರ ತೋರಿಸಿ ಗಂಟೆ ಎಷ್ಟೆಂದು ಕೇಳಿದರು. ದೊಡ್ಡ ಮುಳ್ಳು ಯಾವುದು, ಸಣ್ಣದು ಯಾವುದು ಎಂದು ತಡಬಡಿಸಿ ತಪ್ಪು ಹೇಳಿದೆ. ಮಾಸ್ತರರು ಹೊಡೆಯಲಿಲ್ಲ, ನಕ್ಕರು. ತರಗತಿಯೆಲ್ಲ ನಕ್ಕಿತು. ಪುಸ್ತಕವನ್ನು ಅವರ ಮೇಜಿನ ಮೇಲೆ ಕುಕ್ಕಿ ಹೊರಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸೂರ್ಯನನ್ನೂ ನೀರನ್ನೂ ನೋಡಿ ಹೊತ್ತು ಹೇಳುವುದನ್ನು ಕಲಿತೆ. ಗಡಿಯಾರ ಕಟ್ಟಿದವರನ್ನು ಕಂಡರೆ ಮೈಯುರಿಯುತ್ತಿತ್ತು.

ನಮ್ಮೂರ ಬಂದರಿನಿಂದ ದೋಣಿಯಲ್ಲಿ ಅರ್ಧ ಗಂಟೆಯ ದೂರದಲ್ಲಿ ಹವಳದ ದಿಬ್ಬವಿದೆ. ನೀರಿಳಿದಾಗ ಅದರ ಬೆನ್ನ ಮೇಲೆ ಒಂದು ಅಂಗಳದಷ್ಟು ಮರಳು ತಲೆ ಎತ್ತುತ್ತದೆ. ಅಲ್ಲಿ ನಿಂತು, ತಳಕ್ಕೆ ಗಾಜು ಕೂರಿಸಿದ ಪೆಟ್ಟಿಗೆಯನ್ನು ನೀರಿಗೊತ್ತಿ ನೋಡಿದರೆ ಕೆಳಗೆ ಹೂಕೋಸಿನ ಹೊಲದ ಹಾಗೆ ಹವಳ, ಅದರ ನಡುವೆ ಹಳದಿ, ನೀಲಿ ಮೀನು. ಎರಡು ಗಂಟೆಯ ವೈಭವ ಅದು. ಆಮೇಲೆ ಕಡಲು ತನ್ನದನ್ನು ವಾಪಸು ತೆಗೆದುಕೊಳ್ಳುತ್ತದೆ.

ವಿಹಾರದ ಹಡಗೊಂದು ನಮ್ಮೂರ ಮುಂದೆ ಲಂಗರು ಹಾಕಿತು. ಪ್ರಯಾಣಿಕರನ್ನು ಊರೂರಲ್ಲಿ ಇಳಿಸಿ ಸುತ್ತಾಡಿಸುವ ಕೆಲಸ ರೆಬೆಲ್ಲೊ ಎಂಬವನದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಹಿಂದೆ ಪೆನ್ಸಿಲು. ದಿಬ್ಬ ಬಲ್ಲವರು ಯಾರೆಂದು ಬಂದರಿನಲ್ಲಿ ವಿಚಾರಿಸಿದಾಗ ಜನ ನನ್ನ ಹೆಸರು ಹೇಳಿದರು. ದೋಣಿ ನನ್ನ ತಾಯಿಯ ತಮ್ಮ ದೂಮ ಮಾವನದು. ಮಾವ ಹೊಳೆಯ ಕಡವಿನಲ್ಲಿ ದೋಣಿ ದಾಟಿಸಿ ಹಣ್ಣಾದವನು. ದಿಬ್ಬದ ನೀರಿನ ಲೆಕ್ಕ ಅವನಿಗೆ ತಿಳಿಯದು.

ನಾವಿಬ್ಬರೂ ಹಡಗಿನ ಊಟದ ಮೇಜಿನ ಮುಂದೆ ಕೂತೆವು. ರೆಬೆಲ್ಲೊ ದೊಡ್ಡ ಹಾಳೆ ಹರಡಿದ. "ಹೇಳು ಮಾರಾಯ, ನಾಳೆ ಯಾವ ಹೊತ್ತು ಒಳ್ಳೆಯದು?"

"ಅಮಾಸೆ ಕಳೆದು ಒಂದೇ ದಿನ ಆದದ್ದು. ಒಂಬತ್ತಕ್ಕೆ ನೀರು ತಳ ಮುಟ್ತದೆ. ಆಗ ಹೊರಟ್ರೆ ಸರಿ. ಹನ್ನೊಂದಕ್ಕೆ ದೋಣಿ ದಿಬ್ಬಕ್ಕೆ ವಾಪಸು ಬರ್ಲೇಬೇಕು. ಮತ್ತೆ ಅಲ್ಲಿ ನಿಲ್ಲುವ ಹಾಗಿಲ್ಲ."

ಅವನು ಬರೆದುಕೊಂಡ. ಒಂದು ದೋಣಿಗೆ ಎಂಟು ಜನ. ಹೊರಡುವುದು ಒಂಬತ್ತು, ಮರಳುವುದು ಹನ್ನೊಂದು. ನಡುವೆ ಅದೇ ದೋಣಿ ಇನ್ನೊಂದು ತಂಡವನ್ನು ದೀಪಸ್ತಂಭದ ಕುದುರಿಗೆ, ಆ ನಡುಗಡ್ಡೆಗೆ, ಬಿಟ್ಟು ಬರಬೇಕು. ಬರೆದದ್ದರ ಒಂದು ಪ್ರತಿಯನ್ನು ಮಾವನ ಕೈಗಿತ್ತ. ಮೇಲೆ ಇನ್ನೇನೋ ಒಂದು ಮಾತು ಹೇಳಿದ. ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಅವನು ತನ್ನ ಕಿಸೆಯಿಂದ ಹಡಗಿನದೊಂದು ಕೈಗಡಿಯಾರ ತೆಗೆದು ಮಾವನ ಮಣಿಕಟ್ಟಿಗೆ ಕಟ್ಟಿದ. "ತಡ ಆಗ್ಬಾರದು ದೂಮಣ್ಣ. ಇದನ್ನು ನೋಡಿಕೊಂಡು ಬನ್ನಿ." ಮಾವ ಮದುವೆಯ ಕಂಕಣ ಕಟ್ಟಿಸಿಕೊಂಡವನ ಹಾಗೆ ಕೈ ನೀಡಿ ಕೂತಿದ್ದ. ನನಗೆ ಕಟ್ಟಲಿಲ್ಲವಲ್ಲ ಎಂದು ಹೊಟ್ಟೆಯುರಿಯಿತು. ಕಟ್ಟಿದ್ದರೆ ನೋಡಲು ಬರುತ್ತಿರಲಿಲ್ಲವಲ್ಲ ಎಂದು ಅದಕ್ಕಿಂತ ಹೆಚ್ಚು ಉರಿಯಿತು.

ಮರುದಿನ ಬಿಸಿಲು ಬಂದರಿನ ಕಟ್ಟೆಯ ಮೂರನೆಯ ಮೆಟ್ಟಿಲಿಗೆ ಬಂದಾಗ, ಅಂದರೆ ಒಂಬತ್ತಕ್ಕೆ, ನಾನು ಮಾವನನ್ನು ಎಳೆದುತಂದು ದೋಣಿಯಲ್ಲಿ ಕೂರಿಸಿದ್ದೆ. ಒಬ್ಬ ಪ್ರಯಾಣಿಕನೂ ಇಲ್ಲ. ಬಿಸಿಲು ಏರಿತು. ನೀರು ತಳ ಮುಟ್ಟಿ ತಿರುಗಿದ್ದು ದೋಣಿಯ ಹಗ್ಗ ಬಿಗಿದ ರೀತಿಯಲ್ಲೇ ತಿಳಿಯಿತು. ಕೊನೆಗೊಮ್ಮೆ ಅವರು ನಗುತ್ತ, ಟೊಪ್ಪಿ ಸರಿಮಾಡಿಕೊಳ್ಳುತ್ತ ಬಂದರು.

"ಒಂದು ಗಂಟೆ ಕಾಯಿಸಿದ್ರು ನಾಯಿಗಳ ಹಾಗೆ," ಎಂದೆ ಹಲ್ಲು ಕಚ್ಚಿ.

"ಎಂತ ಹೇಳ್ತಿ ನೀನು? ಸರಿಯಾಗಿ ಒಂಬತ್ತಕ್ಕೆ ಬಂದಿದ್ದಾರೆ," ಎಂದ ಮಾವ. "ಇಗಾ, ಗಡಿಯಾರ ನೋಡು."

ನಾನು ನೋಡಲಿಲ್ಲ. ಮುಖ ತಿರುಗಿಸಿದೆ.

"ಎಂತದೋ ವ್ಯತ್ಯಾಸ ಉಂಟು ಮಾರಾಯ. ರೆಬೆಲ್ಲೊನನ್ನು ಒಂದು ಮಾತು ಕೇಳುವನಾ?"

"ಕೇಳುವುದೆಂತ? ದಿಬ್ಬ ಬಲ್ಲವ ನಾನಾ, ಅವನಾ?"

ದಿಬ್ಬ ತಲುಪಿದಾಗ ಮರಳು ಇನ್ನೂ ಅಗಲವಾಗಿಯೇ ಇತ್ತು. ತಡವಾಗಿ ಬಂದವರಿಗೆ ಅರ್ಧ ಗಂಟೆಯೇ ಸಾಕು, ಅನುಭವಿಸಲಿ ಎಂದುಕೊಂಡೆ. ಎಂಟು ಜನ ಇಳಿದರು. ಬಯಲುಸೀಮೆಯ ಹತ್ತಿ ವ್ಯಾಪಾರಿ ಮಲ್ಲೇಶಪ್ಪ ಮತ್ತು ಅವನ ಹೆಂಡತಿ. ಹೊಸದಾಗಿ ಮದುವೆಯಾದ ಎರಡು ಜೋಡಿ. ಅರವತ್ತು ದಾಟಿದ ಪದ್ಮಾಕ್ಷಮ್ಮ, ಅವರ ನಾದಿನಿ. ಪದ್ಮಾಕ್ಷಮ್ಮ ಸೀರೆಯನ್ನು ಮೊಣಕಾಲಿಗೆತ್ತಿ ಸಿಕ್ಕಿಸಿ, ಎಲೆಯಡಿಕೆ ಬಾಯಿಂದ, "ಕೈ ಕೊಡಪ್ಪ, ಬಿದ್ರೆ ಎತ್ತೋಕೆ ನಾಲ್ಕು ಜನ ಬೇಕು," ಎಂದು ನಕ್ಕರು.

"ಎಷ್ಟು ಹೊತ್ತಿಗೆ ಬರ್ಲಿ ನಾನು?" ಎಂದ ಮಾವ, ಇಂಜಿನ್ನಿಗೆ ಕೈಯಿಟ್ಟು.

"ಕಾಗದ ಉಂಟಲ್ಲ. ಕೈಯಲ್ಲಿ ಗಡಿಯಾರ ಬೇರೆ ಉಂಟು. ನನ್ನನ್ನೆಂತ ಕೇಳ್ತಿ?"

ಅವನು ದೋಣಿ ತಿರುಗಿಸಿ ಹೊರಟುಹೋದ.

ನಾನು ಕೋಲು ನೆಟ್ಟೆ. ಜನ ಗಾಜಿನ ಪೆಟ್ಟಿಗೆಗೆ ಮುಗಿಬಿದ್ದರು. ಮಲ್ಲೇಶಪ್ಪ ಮಂಡಿಯೂರಿ ಇಣುಕಿ, "ಏ ಇವಳ, ಬಾ ಇಲ್ಲಿ! ನೀರಾಗ ತ್ವಾಟ ಐತಿ!" ಎಂದು ಕೂಗಿದ. ನನಗೂ ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಕೋಲಿನ ಕಡೆ ತಿರುಗಿದೆ. ನೀರು ಮೊದಲ ಗೀರು ಮುಟ್ಟಿತ್ತು.

ಆಗ ದಡದ ಕಡೆಯಿಂದ, ಗಾಳಿಯ ಮೇಲೆ ತೇಲಿಕೊಂಡು, ಹೆಂಚಿನ ಕಾರ್ಖಾನೆಯ ಸೈರನ್ ಬಂತು. ಅದು ಗಂಜಿ ಬಿಡುವಿನ ಸೈರನ್. ಹನ್ನೊಂದಕ್ಕೆ ಊದುವುದು. ದೋಣಿಯ ಸುಳಿವಿಲ್ಲ. ಎರಡನೆಯ ಗೀರಿಗೆ ನೀರು ಬರುವ ತನಕ ಕಾದೆ. ಕಡಲು ಬರಿದೇ ಹೊಳೆಯುತ್ತಿತ್ತು. ಮರಳಿನ ಅಂಗಳ ಜಗಲಿಯಷ್ಟಾಗಿತ್ತು.

"ಏನಪ್ಪ, ಆಗಿಂದ ಅತ್ಲಾಗೇ ನೋಡ್ತಿದ್ದೀಯ?" ಎಂದರು ಪದ್ಮಾಕ್ಷಮ್ಮ.

"ದೋಣಿ ಬರ್ಬೇಕಿತ್ತು. ಹನ್ನೊಂದಾಗಿ ಹೋಯ್ತು."

"ಎಲ್ಲಿ ಹನ್ನೊಂದು? ಇನ್ನೂ ಹತ್ತೂಕಾಲು ಕಣೋ." ಅವರು ತಮ್ಮ ಕೈಗಡಿಯಾರವನ್ನು ನನ್ನ ಮುಖದ ಹತ್ತಿರ ಹಿಡಿದರು. "ಹಡಗಿನ ಗಂಟೆಗೆ ಸರಿಮಾಡ್ಕೊಂಡಿದ್ದೀನಿ. ಎಲ್ಲರದ್ದೂ ಅಷ್ಟೇ."

ಹಿಂದಿನ ದಿನ ರೆಬೆಲ್ಲೊ ಹೇಳಿದ ಆ ಕೊನೆಯ ಮಾತು ಈಗ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. "ಇದರಲ್ಲಿ ಬರೆದದ್ದೆಲ್ಲ ಹಡಗಿನ ಸಮಯ, ಆಯ್ತಾ? ನಿಮ್ಮೂರಿನದ್ದಕ್ಕೆ ಸರಿ ಉಂಟಲ್ಲ?" ಹಡಗಿಗೂ ಊರಿಗೂ ಬೇರೆ ಬೇರೆ ಸಮಯವಿರುತ್ತದೆಂದು, ದೂರದ ದೇಶ ಸುತ್ತಿ ಬಂದ ಈ ಹಡಗಿನದು ನಮ್ಮದಕ್ಕಿಂತ ಒಂದು ಗಂಟೆ ಹಿಂದೆಂದು ನನಗೆ ಗೊತ್ತಿರಲಿಲ್ಲ. ಹಾಗೆಂದರೇನು ಎಂದು ಕೇಳಿದರೆ ಅವನು ನಕ್ಕಾನೆಂದು ತಲೆಯಾಡಿಸಿದ್ದೆ.

"ಹಡಗಿನ ಸಮಯ ಅಂತ ಹೇಳಿದ್ದ ಅವ," ಎಂದೆ. ನನಗರಿವಿಲ್ಲದೆ ಬಾಯಿಂದ ಬಂದ ಮಾತು. ಪದ್ಮಾಕ್ಷಮ್ಮ ಒಬ್ಬರೇ ಕೇಳಿಸಿಕೊಂಡರು. ಗಡಿಯಾರ ನೋಡಿದರು, ಕೋಲು ನೋಡಿದರು. ಬಾಯಿಯ ಎಲೆಯಡಿಕೆ ಉಗಿದರು.

"ದೋಣಿ ಬರೋಕೆ ಇನ್ನೂ ಮುಕ್ಕಾಲು ಗಂಟೆ. ಅಷ್ಟರಲ್ಲಿ ನೀರು?"

ನಾನು ಕೋಲನ್ನು ಕಿತ್ತು ಕೈಗೆತ್ತಿಕೊಂಡೆ.

ಮರಳಿನ ನೆತ್ತಿಗೆ ಎಲ್ಲರನ್ನೂ ಕರೆದೆ. ಹೆಂಗಸರನ್ನು ನಡುವೆ ನಿಲ್ಲಿಸಿದೆ, ಗಂಡಸರನ್ನು ಸುತ್ತ. ಮಲ್ಲೇಶಪ್ಪನ ಪಂಚೆ, ಹುಡುಗಿಯರ ದುಪಟ್ಟಾ, ನನ್ನ ಲುಂಗಿ ಎಲ್ಲವನ್ನೂ ಗಂಟು ಹಾಕಿ ಸೊಂಟದಿಂದ ಸೊಂಟಕ್ಕೆ ಬಿಗಿದೆ. ನೀರು ಮೊದಲು ಪಾದ ಮುಚ್ಚಿತು. ಅದು ಅಲೆಯಾಗಿ ಬರಲಿಲ್ಲ. ಸುತ್ತಲಿಂದಲೂ, ಬೆಕ್ಕು ಬಂದ ಹಾಗೆ, ಸದ್ದಿಲ್ಲದೆ ಬಂತು. ಕಾಲ ಕೆಳಗಿನ ಮರಳು ಹಿಡಿಹಿಡಿಯಾಗಿ ಜಾರತೊಡಗಿತು.

"ತಮ್ಮಾ, ಈ ನೀರು ಇನ್ನೂ ಎಷ್ಟು ಬರತೈತಿ?" ಎಂದ ಮಲ್ಲೇಶಪ್ಪ. ಮೊಣಕಾಲಿಗೆ ಬಂದಿತ್ತು. "ನಮ್ಮೂರಾಗ ಒಂದು ಕೊಡ ನೀರಿಗೆ ಬಡಿದಾಡತಾರ. ಇಲ್ಲಿ ನೋಡಿದ್ರ…" ನಗಲು ನೋಡಿದ.

ತೊಡೆಗೆ ಬಂತು. ಒಂದು ಹುಡುಗಿ ಅಳತೊಡಗಿದಳು. ಕೋಲನ್ನು ಕಿತ್ತು ತಂದು ನನ್ನ ಪಕ್ಕದಲ್ಲೇ ನೆಟ್ಟಿದ್ದೆ. ಮೂರನೆಯ ಗೀರು ಮುಳುಗಿತು. ಕೆಂಪು ಬಟ್ಟೆಯ ತುದಿ ತೇವವಾಗುವುದನ್ನು ನೋಡಲಾರದೆ ಕಣ್ಣು ಮುಚ್ಚಿದೆ. ಹಿಂದೆಂದೂ ನನಗೆ ಕಡಲಿನ ಹೆದರಿಕೆ ಆಗಿರಲಿಲ್ಲ. ಆವತ್ತು ಅದು ನನ್ನ ಕಾಲಿನಿಂದ ಹತ್ತಿ ಬೆನ್ನುಮೂಳೆಯಲ್ಲಿ ಕೂತಿತು. ಇಂದಿಗೂ ಇಳಿದಿಲ್ಲ.

"ನಾನು ಈಜಿ ಹೋಗಿ ದೋಣಿ ತರ್ತೇನೆ," ಎಂದೆ. ಸೊಂಟದ ಗಂಟು ಬಿಚ್ಚತೊಡಗಿದೆ.

ಮಲ್ಲೇಶಪ್ಪ ನನ್ನ ರಟ್ಟೆ ಹಿಡಿದ. ಹತ್ತಿಮೂಟೆ ಎತ್ತಿ ಬಲಿತ ಕೈ ಅದು. "ಹೋಗಬ್ಯಾಡೋ. ನೀ ಹೋದ್ರ ನಾವು ಮುಗೀತು."

"ಬಿಡಿ ಅವನ್ನ," ಎಂದರು ಪದ್ಮಾಕ್ಷಮ್ಮ. ಕುಳ್ಳಗಿನ ಹೆಂಗಸು, ನೀರು ಅವರ ಸೊಂಟ ದಾಟಿತ್ತು. "ಹೋಗ್ಲಿ ಬಿಡಿ. ಮಗು ಅದು. ಅವನಾದ್ರೂ ಉಳೀಲಿ."

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಾನು ಹೋಗಿಬಿಡುತ್ತಿದ್ದೆನೇನೋ. ದೋಣಿ ತರಲು ಹೊರಟೆನೋ, ಓಡಿಹೋಗಲು ಹೊರಟೆನೋ ನನಗೇ ಖಾತ್ರಿಯಿರಲಿಲ್ಲ, ಆಕೆಗೆ ಗೊತ್ತಾಗಿತ್ತು. ನನಗೆ ಎಂಥ ಸಿಟ್ಟು ಬಂತೆಂದರೆ ಬಿಚ್ಚಿದ ಗಂಟನ್ನು ಮತ್ತೆ ಎರಡೆರಡು ಸಲ ಬಿಗಿದೆ. "ಯಾರು ಹೋಗ್ತಾರೆ? ಯಾರೂ ಹೋಗುದಿಲ್ಲ!" ಎಂದು ಕಿರುಚಿದೆ. ಪದ್ಮಾಕ್ಷಮ್ಮನವರನ್ನು ಎತ್ತಿ ಬೆನ್ನಿಗೆ ಹಾಕಿಕೊಂಡೆ. ಅವರ ಗಡಿಯಾರ ನನ್ನ ಕಿವಿಯ ಪಕ್ಕದಲ್ಲೇ ಟಿಕ್ ಟಿಕ್ ಎನ್ನುತ್ತಿತ್ತು. ಮುಂದಿನ ಹೊತ್ತೆಲ್ಲ ನನಗೆ ಕೇಳಿಸಿದ್ದು ಅದೊಂದೇ.

ಕೆಂಪು ಬಟ್ಟೆ ಮುಳುಗಿ, ನೀರು ನನ್ನ ಎದೆಗೆ ಬಡಿಯುತ್ತಿದ್ದಾಗ ಇಂಜಿನ್ನಿನ ಸದ್ದು ಕೇಳಿತು. ದೀಪಸ್ತಂಭದ ಮರೆಯಿಂದ ಮಾವನ ದೋಣಿ ಬಂತು. ಅವನು ಎದ್ದು ನಿಂತು, ದೂರದಿಂದಲೇ ಮಣಿಕಟ್ಟು ಎತ್ತಿ ತೋರಿಸುತ್ತ, ನಗುತ್ತ ಕೂಗಿದ: "ಹನ್ನೊಂದಕ್ಕೆ ಸರಿಯಾಗಿ ಬಂದೆ ನೋಡು!"

ಆಮೇಲೆ ಅವನ ಕೈ ಮೆಲ್ಲಗೆ ಕೆಳಗಿಳಿಯಿತು.

ಎಂಟು ಜನರೂ ಬದುಕಿದರು. ಹವಳಕ್ಕೆ ಕೊಯ್ದ ಕಾಲುಗಳ ರಕ್ತ ದೋಣಿಯ ತಳದ ನೀರಿನಲ್ಲಿ ಓಡಾಡುತ್ತಿತ್ತು. ಹಡಗಿನ ಏಣಿಯ ಕೆಳಗೆ ಬಂದರಿನವರೆಲ್ಲ ಸೇರಿದ್ದರು. ಹಡಗಿನ ದೊಡ್ಡ ಅಧಿಕಾರಿ ಇಳಿದುಬಂದ. ರೆಬೆಲ್ಲೊನ ಮುಖ ಅವನ ಅಂಗಿಯಷ್ಟೇ ಬಿಳಿಯಾಗಿತ್ತು.

"ಹಡಗಿನ ಸಮಯ ಅಂತ ಹೇಳಿದ್ದೆ ನಾನು," ಎಂದ ಅವನು ನನ್ನತ್ತ ತಿರುಗಿ. "ನೀನು ತಲೆ ಆಡಿಸ್ಲಿಲ್ವಾ ಮಾರಾಯ?"

ಎಲ್ಲರೂ ನನ್ನನ್ನು ನೋಡಿದರು. ತರಗತಿ ನೋಡಿದ ಹಾಗೆ.

"ಇಲ್ಲ. ಹೇಳ್ಲೇ ಇಲ್ಲ," ಎಂದೆ. ಸಾಲದೆಂಬಂತೆ ಅವನ ಕೊರಳಪಟ್ಟಿ ಹಿಡಿದು ಎರಡು ಬಾರಿಸಿದೆ. ಊರವರು ಸರಿಯಾಯಿತು ಎಂದರು. ಮಾವ ಮಾತ್ರ ತಲೆ ತಗ್ಗಿಸಿ ನಿಂತಿದ್ದ. ಮೇಜಿನ ಮುಂದೆ ಅವನೂ ಇದ್ದನಲ್ಲ. ಹೇಳಲಿಲ್ಲ, ಅಕ್ಕನ ಮಗನೆಂದು.

ಪದ್ಮಾಕ್ಷಮ್ಮ ಏಣಿಯ ಬುಡದಲ್ಲಿ ನಿಂತರು. ಈಗ ಹೇಳುತ್ತಾರೆ ಎಂದುಕೊಂಡೆ. ಅವರು ನನ್ನ ಒದ್ದೆ ತಲೆಯ ಮೇಲೆ ಕೈಯಿಟ್ಟು, "ಹೋಗಪ್ಪ, ಬಟ್ಟೆ ಬದಲಾಯಿಸ್ಕೊ," ಎಂದಷ್ಟೇ ಹೇಳಿ ಹತ್ತಿಹೋದರು. ದಿಬ್ಬದ ಮೇಲಿನದಕ್ಕಿಂತ ದೊಡ್ಡ ಹೆದರಿಕೆ ಆಗ ಶುರುವಾಯಿತು.

ಸಂಜೆ ಹಡಗು ಲಂಗರು ಎತ್ತಿತು. ರೆಬೆಲ್ಲೊನನ್ನೂ ಅವನ ಟ್ರಂಕನ್ನೂ ನಮ್ಮ ಕಟ್ಟೆಯ ಮೇಲೆ ಇಳಿಸಿ ಹೋದರು. ಹಡಗು ಒಂದು ಗೆರೆಯಾಗುವ ತನಕ ನಾನು ಗೋದಾಮಿನ ಮರೆಯಲ್ಲಿ ನಿಂತಿದ್ದೆ. ಆಮೇಲೆ ಹೋಗಿ ಅವನಿಂದ ನಾಲ್ಕು ಮೊಳ ದೂರದ ಮೆಟ್ಟಿಲ ಮೇಲೆ ಕೂತೆ. ಕೋಲು ಕೈಯಲ್ಲೇ ಇತ್ತು. ಕೆಳಗಿನ ಮೆಟ್ಟಿಲಿಗೆ ಒರಗಿಸಿಟ್ಟೆ.

"ಬಸ್ಸು ಎಷ್ಟು ಹೊತ್ತಿಗೆ?" ಎಂದ, ನನ್ನ ಕಡೆ ನೋಡದೆ. ತುಟಿ ಬಾತಿತ್ತು.

"ಆರೂವರೆಗೆ."

"ಈಗ ಎಷ್ಟಾಯ್ತು? ನಿಮ್ಮೂರಿನದ್ದು."

ಸೂರ್ಯನನ್ನು ನೋಡಿದೆ. "ಆರು."

ಅವನು ಗಡಿಯಾರದ ಕೀಲಿ ಎಳೆದು ದೊಡ್ಡ ಮುಳ್ಳನ್ನು ಮೆಲ್ಲನೆ ಒಂದು ಸುತ್ತು ಮುಂದಕ್ಕೆ ತಿರುಗಿಸಿದ.

"ನೀವು ಹೇಳಿದ್ರಿ," ಎಂದೆ. "ನನಗೆ ಅರ್ಥ ಆಗ್ಲಿಲ್ಲ."

ಅವನು ಬೈಯಲೆಂದು ಕಾದೆ. ಎದ್ದು ಹೊಡೆಯಲಿ, ತಿರುಗಿ ನಾನೂ ಹೊಡೆದೇನು, ಅಷ್ಟಕ್ಕೆ ಮುಗಿದೀತು ಎಂದುಕೊಂಡೆ. ಅವನು ಬಹಳ ದಣಿದಿದ್ದ.

"ಕೇಳಬಹುದಿತ್ತಲ್ಲ ಮಾರಾಯ," ಎಂದ. "ನಾನೆಂತ ನಗ್ತಿದ್ನಾ?"

ಬಸ್ಸು ಬಂತು. ಟ್ರಂಕಿಗೆ ಕೈ ಹಚ್ಚಲು ಹೋದೆ. ಬೇಡವೆಂದು ತಲೆಯಲ್ಲಾಡಿಸಿ ತಾನೇ ಎತ್ತಿಕೊಂಡು ಹೋದ.

ಇಳಿದ ನೀರು ರಾತ್ರಿ ಮತ್ತೆ ಏರಿ ಬರುವ ತನಕ ನಾನು ಅಲ್ಲೇ ಕೂತೆ. ಮೆಟ್ಟಿಲಿಗೆ ಒರಗಿಸಿದ ಕೋಲಿನ ಕೆಂಪು ಬಟ್ಟೆಗೆ ನೀರು ತಾಗಿತು. ಕೋಲನ್ನೆತ್ತಿ ಒಂದು ಮೆಟ್ಟಿಲು ಮೇಲೆ ಇಟ್ಟೆ. ಸ್ವಲ್ಪ ಹೊತ್ತಿಗೆ, ಸದ್ದಿಲ್ಲದೆ, ನೀರು ಅಲ್ಲಿಗೂ ಬಂತು.