ಸೂರ್ಯ ಸರಿಯುವ ತನಕ

ಟಿವಿ ಡಿಶ್ ಕಟ್ಟುವುದು ಗಂಡಸರ ಕೆಲಸ ಎಂದು ಇವತ್ತಿಗೂ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಜಮಾನರು ತೀರಿಕೊಂಡ ಮೇಲೆ ಹದಿನಾರು ವರ್ಷ ಚಾಮರಾಜಪೇಟೆಯ ತಾರಸಿಗಳನ್ನು ಹತ್ತಿ ಇಳಿದವಳು ನಾನು, ಶಿವಕುಮಾರಿ. "ಬಿದ್‌ಗಿದ್ರೆ ಏನಮ್ಮಾ ಗತಿ" ಅಂದವರ ಮನೆಯಲ್ಲೇ ಈಗ ಚಿತ್ರ ನಿಂತರೆ ಮೊದಲ ಫೋನು ನನಗೆ.

ಇಷ್ಟೆಲ್ಲ ಬಾಯಿ ಇರುವ ನಾನೇ ನನ್ನಣ್ಣನ ಮಗಳು ಯಶಶ್ರೀಗೆ ಅದೇ ಮಾತು ಅಂದೆ ನೋಡಿ. ಅವಳು ಒಂಬತ್ತು ವರ್ಷದವಳಿದ್ದಾಗ ಅಣ್ಣ, ಅತ್ತಿಗೆ ಇಬ್ಬರೂ ತೀರಿಹೋದರು, ಸಾಕಿದ್ದು ನಾನು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದವಳು ಗ್ರೀಸ್ ಕಡೆ ಯಾರೋ ಸಾಹುಕಾರನ ಯಾಟ್‌ನಲ್ಲಿ, ಅಂದರೆ ಸಮುದ್ರ ಸುತ್ತುವ ಸ್ವಂತ ಹಡಗಿನಲ್ಲಿ, ಎಲೆಕ್ಟ್ರಿಷಿಯನ್ ಕೆಲಸ ಹಿಡಿದಳು. "ಹೆಣ್ಮಗು ನೀರ್ ಮೇಲ್ ಹೋಗಿ ಏನ್ ಕಡಿದು ಗುಡ್ಡೆ ಹಾಕ್ತೀಯಾ? ಹೋದ್ರೆ ನನ್ ಜೊತೆ ಮಾತಾಡ್ಬೇಡ" ಅಂದೆ. ಹೋದಳು. ನನ್ನ ಹಟ ಅವಳಿಗೂ ಬಂದಿದೆ. ಮೂರು ತಿಂಗಳು ಒಂದು ಫೋನಿಲ್ಲ.

ದಸರಾ ಮುಗಿದ ವಾರ, ಮಧ್ಯಾಹ್ನ ಮೂರರ ಹೊತ್ತಿಗೆ, ಪಕ್ಕದ ಬೀದಿಯ ಮುನಿಯಮ್ಮನ ತಾರಸಿಯಲ್ಲಿ ಡಿಶ್ ಬೋಲ್ಟು ಬಿಗಿ ಮಾಡುತ್ತಿದ್ದೆ. ವಿಡಿಯೋ ಕಾಲ್ ಬಂತು. ಯಶಶ್ರೀ. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು.

"ಅತ್ತೆ, ಬೈಯೋದಿದ್ರೆ ಆಮೇಲ್ ಬೈ. ಹಡಗಿನ ಡಿಶ್ ಕೆಟ್ಟೋಗಿದೆ."

ಆ ಡಿಶ್ ಹಡಗು ಎತ್ತ ತಿರುಗಿದರೂ ತಾನೇ ಉಪಗ್ರಹ ಹುಡುಕಿಕೊಳ್ಳುವಂಥದ್ದು. ಅದನ್ನು ತಿರುಗಿಸುವ ಮೋಟರು ಸತ್ತಿದೆ. ಸಂಜೆ ಸಾಹುಕಾರನ ನೆಂಟರಿಗೆ ಫುಟ್‌ಬಾಲ್ ಮ್ಯಾಚ್ ನೋಡಲೇಬೇಕು. ಇವಳ ಮೂರು ತಿಂಗಳ ಟ್ರಯಲ್ ಮುಗಿಯುವುದೂ ಇವತ್ತೇ. ಟಿವಿ ಬಂದರೆ ಕೆಲಸ ಖಾಯಂ, ಬರದಿದ್ದರೆ ಶನಿವಾರ ಊರಿಗೆ ವಿಮಾನ ಎಂದು ಕ್ಯಾಪ್ಟನ್ ಹೇಳಿದ್ದಾನಂತೆ.

ಸುಳ್ಳು ಯಾಕೆ ಹೇಳಲಿ? ಶನಿವಾರ ವಿಮಾನ ಅಂದದ್ದು ಕೇಳಿ ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. "ಅದು ಬರಲ್ಲ ಬಿಡೇ" ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು, ಭಾನುವಾರ ನನ್ನ ಅಡುಗೆಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು. ಆದರೆ ಕೆಟ್ಟ ಡಿಶ್ ಕಂಡರೆ ನನ್ನ ಕೈ ಸುಮ್ಮನಿರಬೇಕಲ್ಲ!

"ಎಲ್ಲಿ, ತೋರ್ಸು. ಹಡಗು ಅಲ್ಲಾಡ್ತಿದ್ಯಾ?"

"ಇಲ್ಲ, ಬಂದರಲ್ಲಿ ಕಟ್ಟಾಕಿದಾರೆ. ನಾಳೆವರೆಗೂ ಕದಲಲ್ಲ."

"ಹಾಗಾದ್ರೆ ಕೈಯಲ್ಲೇ ತಿರುಗ್ಸೋಣ. ಮುಖ ಮೇಲಕ್ಕೆತ್ತು. ಇನ್ನೂ ಎತ್ತೇ!"

ಅರ್ಧ ಗಂಟೆ ಎತ್ತಿಸಿದೆ, ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಸಿಗ್ನಲ್ ಸೊನ್ನೆ. ಕೆಳಗಿನಿಂದ ಮುನಿಯಮ್ಮ "ಶಿವಕುಮಾರೀ, ನನ್ ಸೀರಿಯಲ್ಲು!" ಎಂದು ಕೂಗಿದಳು. "ಇರಿ ಮುನಿಯಮ್ಮ, ಅವ್ರು ಇನ್ನೂ ಅಳ್ತಾನೇ ಇರ್ತಾರೆ" ಎಂದು ಗದರಿದೆ.

ಯಶಶ್ರೀ ಬೆವರು ಒರೆಸಿಕೊಳ್ಳಲು ಫೋನನ್ನು ಒಂದು ಪೆಟ್ಟಿಗೆಗೆ ಒರಗಿಸಿ ನಿಂತಳು. ಅವಳ ನೆರಳು ಹಲಗೆಯ ಮೇಲೆ ಬಿದ್ದಿತ್ತು, ಅವಳಷ್ಟೇ ಉದ್ದಕ್ಕೆ.

"ಏಯ್, ಅಲ್ಲಿ ಎಷ್ಟು ಗಂಟೆ?"

"ಒಂದೂಕಾಲು. ನಡುಮಧ್ಯಾಹ್ನ."

ನಡುಮಧ್ಯಾಹ್ನಕ್ಕೆ ಅಷ್ಟುದ್ದ ನೆರಳು! ನನ್ನ ದಡ್ಡತನಕ್ಕೆ ನಾನೇ ತಲೆ ಚಚ್ಚಿಕೊಂಡೆ. ಟಿವಿ ಉಪಗ್ರಹಗಳು ಭೂಮಿಯ ನಡುಪಟ್ಟಿಯ ಮೇಲೆ ಸಾಲಾಗಿ ನಿಂತಿರುತ್ತವೆ. ನಮಗೆ ಅವು ನೆತ್ತಿಯ ಹತ್ತಿರ; ಅಷ್ಟು ಉತ್ತರದಲ್ಲಿರುವ ಊರಿಗೆ ಸೂರ್ಯನ ಹಾಗೆಯೇ ಅವೂ ತಗ್ಗಿನಲ್ಲಿ. ನಾನು ಗ್ರೀಸ್‌ನಲ್ಲಿ ಚಾಮರಾಜಪೇಟೆಯ ಆಕಾಶ ಹುಡುಕಿಸುತ್ತಿದ್ದೆ.

ಇನ್ನೊಂದೂ ಹೊಳೆಯಿತು. ವರ್ಷಕ್ಕೆ ಎರಡು ಸಲ, ಕೆಲವು ದಿನ, ಸೂರ್ಯ ಉಪಗ್ರಹದ ಬೆನ್ನಿಗೇ ಬಂದು ನಿಂತು ಹತ್ತು ನಿಮಿಷ ಚಿತ್ರ ಕೆಡಿಸುತ್ತಾನೆ. ಅದಕ್ಕೇ ಹೋದ ವಾರ ಗಿರಾಕಿಗಳಿಂದ ಬೈಸಿಕೊಂಡಿದ್ದೆ. ಉತ್ತರದವರಿಗೆ ಅದು ಕೆಲವು ದಿನ ತಡ. ಅಂದರೆ ಈ ವಾರ!

"ನಿಮ್ ಉಪಗ್ರಹ ಯಾವ್ ದಿಕ್ಕಿಗೆ?"

"ನೇರ ದಕ್ಷಿಣ ಅಂತ ಪುಸ್ತಕದಲ್ಲಿದೆ."

"ನಿನ್ ನೆರಳು?"

ಅವಳು ದಿಕ್ಸೂಚಿ ನೋಡಿದಳು. "ನೇರ ಉತ್ತರಕ್ಕೆ. ಅಂದ್ರೆ ಅತ್ತೆ..."

"ಅಂದ್ರೆ ಸೂರ್ಯ ಇರೋ ಕಡೇನೇ ಉಪಗ್ರಹ ಇದೆ ಕಣೇ! ಅವನ ಕಡೆ ಕಣ್ ಬಿಟ್ ನೋಡ್ಬೇಡ. ಡಿಶ್ ಮುಂದೆ ಕಡ್ಡಿ ತುದೀಲಿದ್ಯಲ್ಲ ಸಿಗ್ನಲ್ ಹಿಡಿಯೋ ಕಣ್ಣು, ಅದರ ನೆರಳು ಡಿಶ್ಶಿನ ನಟ್ಟನಡುವೆ ಬೀಳ್ಬೇಕು. ಬಿದ್ ತಕ್ಷಣ ಬಿಗಿ ಮಾಡು."

ಮಾಡಿದಳು. "ಅತ್ತೆ, ಈಗ್ಲೂ ಸೊನ್ನೆ."

"ಸೊನ್ನೇನೇ ಇರುತ್ತೆ. ಸೂರ್ಯ ಸರಿಯೋ ತನಕ ಕಾಯಿ. ಮುಟ್ಬೇಡ."

ಕಾದೆವು. ಮಾಡಲು ಕೆಲಸವಿಲ್ಲದೆ ಮಾತು ತಾನಾಗಿ ಬಂತು. ಊಟ ಸೇರುತ್ತಾ ಅಂದೆ. ಅನ್ನ ಸಿಗುತ್ತೆ, ನಿನ್ನ ಸಾರು ಸಿಗಲ್ಲ ಅಂದಳು. ಆಮೇಲೆ ಮೆಲ್ಲಗೆ, "ನಿಂಗೆ ಎಲ್ರೂ ಹತ್ಬೇಡ ಅಂದಾಗ ನೀನ್ ಕೇಳಿದ್ಯಾ ಅತ್ತೆ? ನಿನ್ನ ನೋಡೇ ನಾನ್ ಹತ್ತಿದ್ದು" ಅಂದಳು.

ನಿಂತಲ್ಲೇ ಊರದೇವತೆ ಅಣ್ಣಮ್ಮ ತಾಯಿಗೆ ಕೈ ಮುಗಿದೆ. ಚಿತ್ರ ಬರಲಿ ತಾಯೀ, ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಬಂದರೆ ಅವಳು ಬರುವುದಿಲ್ಲ ಅನ್ನುವುದು ಗೊತ್ತಿದ್ದೇ ಬೇಡಿದೆ.

ಹನ್ನೆರಡನೆಯ ನಿಮಿಷಕ್ಕೆ ಕಿರುಚಿದಳು. "ಬಂತು! ಅತ್ತೆ, ಬಂತು!" ಯಾರೋ ಚಪ್ಪಾಳೆ ತಟ್ಟಿದರು. ಬಿಳಿ ಗಡ್ಡದ ಕ್ಯಾಪ್ಟನ್ ಫೋನಿಗೆ ಬಗ್ಗಿ, ಯಾವ ಕಂಪನಿಯ ಇಂಜಿನಿಯರ್ ಇವರು ಎಂದು ಕೇಳಿದನಂತೆ. ಯಶಶ್ರೀ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಆ ಮನುಷ್ಯ ಟೋಪಿ ತೆಗೆದು ನನಗೆ ತಲೆ ಬಾಗಿಸಿದ. ಹದಿನಾರು ವರ್ಷದಲ್ಲಿ ನನಗೆ ಯಾರೂ ಹಾಗೆ ಮಾಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕಷ್ಟ ಬಂದಾಗ ಆ ಹುಡುಗಿ ಹಟ ಬಿಟ್ಟು ನನ್ನನ್ನೇ ಕೇಳಿದಳಲ್ಲ, ಆ ಋಣ ಹೇಗೆ ತೀರಿಸಲಿ?

"ಥ್ಯಾಂಕ್ಸ್ ಅತ್ತೆ" ಅಂದಳು. "ಖಾಯಂ ಆಯ್ತು. ಎರಡು ವರ್ಷದ ಕಾಂಟ್ರಾಕ್ಟು. ಬೇಜಾರಾ?"

"ಬೇಜಾರೇ. ಆದ್ರೂ ಇರು, ಚೆನ್ನಾಗ್ ಮಾಡು" ಅಂದೆ. "ಡಿಶ್ ಕೆಟ್ರೆ ಫೋನ್ ಮಾಡು."

"ಹೂಂ ಅತ್ತೆ."

"ಕೆಡದಿದ್ರೂ ಮಾಡೇ."