ಹೂಜಿಯ ಅಡ್ಡ

ಕೊಪ್ಪದ ಪುಟ್ಟ ಸೊಸೈಟಿಯೊಂದರಲ್ಲಿ ಅಡಿಕೆ ಟೆಂಡರಿನ ದರಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸಕ್ಕೆ ಮಲ್ಲಿಕಾ ಹೊಸದಾಗಿ ಸೇರಿದ್ದಳು. ಅಲ್ಲಿದ್ದ ವೈರಿಲ್ಲದ ಮೌಸ್ ಬೆಳಿಗ್ಗೆಯೆಲ್ಲ ತಡವರಿಸಿ, ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸರಿಹೋಗುತ್ತಿತ್ತು. ನಿನ್ನೆ ತೆರೆಯ ಮೇಲಿನ ಬಾಣ ಜಿಗಿದು, ಒಬ್ಬ ವ್ಯಾಪಾರಿಯ ದರ ಇನ್ನೊಬ್ಬರ ಹೆಸರಿಗೆ ಬಿದ್ದಿತ್ತು.

"ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ಕೂರಿಸ್ಬೇಕಾಗ್ತದೆ ಮಾರಾಯ್ತಿ" ಎಂದಿದ್ದರು ಕಾರ್ಯದರ್ಶಿ ಸುಂದರೇಶ್.

ಇವತ್ತು ಮೌಸಿನ ಸೆಲ್ ಬದಲಿಸಿದಳು. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದಳು. ತಪ್ಪು ತನ್ನ ಕೈಯದೇ ಇರಬೇಕೆಂದು ಅಂಗೈ ಬೆವರನ್ನೂ ಒರೆಸಿಕೊಂಡಳು. ಬಾಣ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಬಾಳೆಹೊನ್ನೂರಿನ ಬೆಳೆಗಾರ ತಿಮ್ಮಣ್ಣ ಬಂದು, ಬಂದವರಿಗೆಂದು ಮೇಜಿನ ಮೇಲಿಟ್ಟಿದ್ದ ಬೆಲ್ಲ ಬಾಯಿಗೆ ಹಾಕಿಕೊಂಡು ಪಕ್ಕದಲ್ಲೇ ಇದ್ದ ನೀರಿನ ಮಣ್ಣಿನ ಹೂಜಿ ಎತ್ತಿದರು. ಮಲ್ಲಿಕಾ ಆಡಿಸುತ್ತಿದ್ದ ಮೌಸಿಗೆ ಬಾಣ ಸರ್ರನೆ ಹರಿಯಿತು. ಮತ್ತೆ ಅಲ್ಲೇ ಇಟ್ಟರು, ನಿಂತಿತು.

"ತಿಮ್ಮಣ್ಣ, ಇನ್ನೊಂದ್ಸಲ ಎತ್ತಿ!"

"ನನ್ನ ಹೊಟ್ಟೆ ಎಂತ ಬಾವಿಯಾ ಕೂಸೇ?" ಎನ್ನುತ್ತಲೇ ಎತ್ತಿದರು. ಬಾಣ ಮತ್ತೆ ಹರಿಯಿತು.

ಮಲ್ಲಿಕಾ ಬಗ್ಗಿ ನೋಡಿದಳು. ಮೌಸಿನ ಮಾತು ಕೇಳುವ ಉಗುರಿನಷ್ಟು ರಿಸೀವರ್ ತುಂಡನ್ನು ಕಂಪ್ಯೂಟರಿನ ಪೆಟ್ಟಿಗೆಗೆ, ಸರಿಯಾಗಿ ಹೂಜಿಯ ಹಿಂದೆ ಸಿಕ್ಕಿಸಿದ್ದರು. ಬೆಳಿಗ್ಗೆ ತುಂಬಿದ ನೀರು ಮೌಸಿನ ಸಂಕೇತಕ್ಕೆ ಅಡ್ಡ ನಿಲ್ಲುತ್ತಿತ್ತು. ಬಂದವರೆಲ್ಲ ಕುಡಿದಂತೆ ದಾರಿ ತೆರೆಯುತ್ತಿತ್ತು!

ಹೂಜಿ ಕಿಟಕಿಗೆ ಹೋಯಿತು. ದರಗಳೆಲ್ಲ ಅವರವರ ಹೆಸರಿಗೇ ಕೂತವು. ಸುಂದರೇಶ್ ಒಂದೊಂದನ್ನೂ ತಾಳೆ ನೋಡಿ, ಹೂಜಿಯ ಕತೆಯನ್ನೂ ಕೇಳಿ, "ನಾಳೆಯೂ ನೀನೇ ಕೂತ್ಕೋ" ಎಂದು ಮೇಜಿನ ಮೇಲೆ, ಹೂಜಿಯಿದ್ದ ಜಾಗದಲ್ಲೇ ಕೈಯೂರಿದರು.

"ಸರ್, ಅಲ್ಲಿ ಎಂತದೋ ಹರೀತಾ ಇದೆ" ಎಂದಳು ಮೆಲ್ಲಗೆ.

ಖಾಲಿ ಜಾಗವನ್ನು ದಿಟ್ಟಿಸಿದ ಸುಂದರೇಶ್, ಯಾರಿಗೋ ದಾರಿ ಬಿಡುವವರಂತೆ ಕೈ ಹಿಂದೆಗೆದರು.