ಸುಕೇಶ ಬಾಯಿ ಬಿಟ್ಟ ದಿನ

ಚೆನ್ನೈನ ಪುರಸೈವಾಕ್ಕಂನ ಹೋಟೆಲಿನಲ್ಲಿ ಮಧ್ಯಾಹ್ನದ ಗಿರಾಕಿಗಳು ತುಂಬಿದ್ದರು. ಯಾರದೋ ಕೈಜಾರಿ ಸ್ಟೀಲ್ ತಟ್ಟೆಗಳು ಢಣಢಣ ನೆಲಕ್ಕುರುಳಿದವು. ಬಡಿಸುತ್ತಿದ್ದ ಸುಕೇಶ ಸಾಂಬಾರಿನ ಬಕೆಟ್ ಅಲ್ಲೇ ಬಿಟ್ಟು ಮೇಜಿನಡಿ ನುಸುಳಿದ, ಕಿವಿ ಮುಚ್ಚಿ ಕೂತ.

"ಬೆಳಿಗ್ಗೆಯೇ ಏರಿಸಿದ್ದಾನೆ" ಎಂದು ಯಾರೋ ನಕ್ಕರು. ಆ ಮಾತು ನಿಜವೂ ಆಗಿತ್ತು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೊದಲು ಅವನು ಹೀಗಿರಲಿಲ್ಲ. ಉಡುಪಿ ಕಡೆಯಿಂದ ಬಂದು ಇನ್ನೊಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ. ಅಲ್ಲಿ ಗ್ಯಾಸ್ ಸಿಲಿಂಡರ್ ಸಿಡಿದು ಜೊತೆಗಾರ ಸಂಜೀವ ತೀರಿಕೊಂಡ. ಅಂದಿನಿಂದ ಸದ್ದೆಂದರೆ ನಡುಕ, ನಡುಕ ಮರೆಯಲು ಕುಡಿತ. ಊರವರು ಕೇಳಿದರೆ ಹೆಂಡತಿ ನಿಶ್ಮಿತಾ "ಅವರಿಗೆ ಗ್ಯಾಸ್ಟ್ರಿಕ್" ಎನ್ನುತ್ತಿದ್ದಳು.

ಕೊನೆಗೆ ಅವಳೇ ಒತ್ತಾಯಿಸಿ ಕುಡಿತ ಬಿಡಿಸುವ ಕೇಂದ್ರಕ್ಕೆ ಕರೆದೊಯ್ದಳು. ಡಾಕ್ಟರ ಮದ್ದು ಶುರುವಾಯಿತು. ಸ್ವಲ್ಪ ಚೇತರಿಸಿಕೊಂಡ ಮೇಲೆ ಆಪ್ತಸಮಾಲೋಚಕಿ ವೆಂಕಟಲಕ್ಷ್ಮಿ ಹಾಡು, ಸದ್ದುಗಳಿಂದ ಮನಸ್ಸಿಗೆ ಚಿಕಿತ್ಸೆ ಕೊಡುವ ನಾದದ ಗುಂಪಿಗೆ ಕರೆದರು.

"ಹಾಡು ಕೇಳಿದ್ರೆ ಕುಡಿತ ಬಿಡ್ತದಾ ಮೇಡಂ? ನನಗೆ ಸದ್ದೇ ಆಗುವುದಿಲ್ಲ."

"ಅದೊಂದರಿಂದಲೇ ಬಿಡಲ್ಲ ಅಣ್ಣಾ. ಮದ್ದೂ ಬೇಕು, ಮಾತೂ ಬೇಕು, ಜೊತೆಗೆ ಇದು. ಸದ್ದೆಲ್ಲ ಅಪಾಯ ಅಂತ ನಿಮ್ಮ ಮೈ ಹೆದರಿ ಕೂತಿದೆ. ಮೆಲ್ಲಗಿನ ಸದ್ದಿಗೆ ಉಸಿರು ಸೇರಿಸಿ ಅದಕ್ಕೆ ಸಮಾಧಾನ ಕಲಿಸೋಣ. ಬೇಡ ಅನ್ನಿಸಿದ್ರೆ ಕೈ ಎತ್ತಿ, ನಿಲ್ಲಿಸಿಬಿಡ್ತೀನಿ."

ಮೊದಲ ದಿನ ವೆಂಕಟಲಕ್ಷ್ಮಿ ಡೋಲನ್ನು ಬೆರಳಲ್ಲಿ ತಟ್ಟಿದ ಕೂಡಲೇ ಸುಕೇಶ ಕೈ ಎತ್ತಿದ. ಸದ್ದು ನಿಂತಿತು. ಎಲ್ಲರೆದುರು ಬೆವತುಹೋಗಿದ್ದ. ಪಕ್ಕದಲ್ಲಿದ್ದ, ತಾನೂ ಕುಡಿತ ಬಿಡಲು ಬಂದಿದ್ದ ಬ್ಯಾಂಕ್ ನೌಕರ ಪ್ರತಾಪ್, "ನಾನು ಮೊದಲ ದಿನ ಓಡೇ ಹೋಗಿದ್ದೆ ಕಣ್ರೀ" ಎಂದರು. ಓಡಿದೆ ಎಂಬ ಮಾತು ಸುಕೇಶನಿಗೆ ಎಲ್ಲೋ ಚುಚ್ಚಿತು.

ವಾರಗಳು ಕಳೆದವು. ಬಾಯಿ ಮುಚ್ಚಿ 'ಮ್‌ಮ್' ಎಂದು ಗುನುಗುವುದು ಅವನಿಗೆ ಹಿಡಿಸಿತು. ಎದೆಯೊಳಗೆ ಸದ್ದು ಮಿಡಿದಂತೆ ಉಸಿರು ನಿಧಾನವಾಗುತ್ತಿತ್ತು. ಮನೆಯವರನ್ನು ಕರೆದ ದಿನ ನಿಶ್ಮಿತಾಳೂ ಪಕ್ಕದಲ್ಲಿ ಕೂತು ಗುನುಗಿದಳು. ಗುನುಗುವುದು ಮುಗಿದ ಮೇಲೆ ಸುಕೇಶ ತಲೆ ತಗ್ಗಿಸಿಯೇ ಹೇಳಿದ:

"ಸಂಜೀವ ಒಳಗಿಂದ ನನ್ನನ್ನು ಕೂಗಿದ. ನಾನು ಹೊರಗೆ ಓಡಿದೆ. ತಿರುಗಿಯೂ ನೋಡಲಿಲ್ಲ."

ನಿಶ್ಮಿತಾ ಅವನ ಕೈ ಹಿಡಿದಳು. "ಇದನ್ನು ಒಬ್ಬರೇ ಇಟ್ಟುಕೊಂಡಿದ್ರಾ? ನಾನು ಜನರಿಗೆ ಸುಳ್ಳು ಹೇಳ್ತಾ ಕೂತೆನಲ್ಲ" ಎಂದು ಅತ್ತಳು.

ಸುಕೇಶನ ನಾಚಿಕೆ ಪೂರ್ತಿ ಹೋಗಿಲ್ಲ. ಕುಡಿಯದೆ ಅದನ್ನು ತಡೆದುಕೊಳ್ಳುವುದು ಬರುತ್ತಿದೆ. ಮೊನ್ನೆ ಭಾನುವಾರ, ಆ ದಿನ ನಡೆದದ್ದನ್ನು ಹೇಳಿಬಿಡಲೆಂದು ಗಂಡಹೆಂಡತಿ ಕ್ರೋಂಪೇಟೆಗೆ, ಸಂಜೀವನ ಹೆಂಡತಿ ಚಂದ್ರಮತಿಯ ಮನೆಗೆ ಹೋದರು. ಬಾಗಿಲು ತೆರೆದ ಚಂದ್ರಮತಿ ಸುಕೇಶನನ್ನೇ ನೋಡುತ್ತ ನಿಂತಳು. ಆಮೇಲೆ, "ಒಳಗೆ ಬನ್ನಿ" ಎಂದಳು.

ನಿಮ್ಮ ಮನೆಯಲ್ಲೂ ನೋವನ್ನು ಕುಡಿತದಲ್ಲಿ ಮುಚ್ಚಿಟ್ಟವರಿದ್ದಾರೆಯೇ? ಬೈಯಬೇಡಿ, ಬಚ್ಚಿಡಬೇಡಿ. ದಿನಾ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ನಾದದ ಚಿಕಿತ್ಸೆ ಮದ್ದಿನ ಬದಲಿಗಲ್ಲ, ಮದ್ದಿನ ಜೊತೆಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಇವತ್ತೇ ಫೋನ್ ಮಾಡಿ, ಕರೆ ಉಚಿತ. ಚಿಕಿತ್ಸೆಗೆ ಅವರೊಬ್ಬರನ್ನೇ ಕಳಿಸಬೇಡಿ, ನೀವೂ ಜೊತೆಗೆ ಹೋಗಿ.